ಬಾಲ್ಯದ ಬೋರ್ಬನ್ ಮನೆಯಲ್ಲಿ: ಎಲ್ಲವೂ ನೀರಿನ ಲೆಕ್ಕ

ಎರಡು ಕಂದು ಪಟ್ಟಿ, ನಡುವೆ ಚಾಕೊಲೇಟ್ ಕ್ರೀಮು, ಮೈಮೇಲೆ ಸಾಲಾಗಿ ತೂತು, ಅಲ್ಲಲ್ಲಿ ಹೊಳೆಯುವ ಸಕ್ಕರೆ ಹರಳು. ಬೋರ್ಬನ್ ಬಿಸ್ಕತ್ತನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡ ಮಕ್ಕಳು ಕಡಿಮೆ. ಮೊದಲು ಎರಡು ಹೋಳನ್ನು ಬಿಡಿಸಬೇಕು, ಕ್ರೀಮನ್ನು ಹಲ್ಲಿನಲ್ಲಿ ಕೆರೆದು ತಿನ್ನಬೇಕು, ಉಳಿದ ಹೋಳನ್ನು ಹಾಲಿಗೋ ಚಹಾಕ್ಕೋ ಅದ್ದಬೇಕು. ನೆಂಟರಿಗೆ ಇಟ್ಟ ತಟ್ಟೆಯಲ್ಲಿ ಗ್ಲೂಕೋಸ್ ಬಿಸ್ಕತ್ತಿನ ಪಕ್ಕ ಇದು ಕಂಡರೆ ಮನೆಮಕ್ಕಳ ಕಣ್ಣೆಲ್ಲ ಅದರ ಮೇಲೇ. ಚಾಕೊಲೇಟ್ ಬಾರು ಅಪರೂಪದ ವಸ್ತುವಾಗಿದ್ದ ಕಾಲದಲ್ಲಿ ನಮ್ಮಲ್ಲಿ ಹಲವರ ನಾಲಿಗೆಗೆ ಚಾಕೊಲೇಟಿನ ರುಚಿ ಹತ್ತಿಸಿದ್ದು ಈ ಬಿಸ್ಕತ್ತು.

ಈಗ ಅನೇಕ ಮನೆಗಳಿಗೆ ಪುಟ್ಟ ಓವನ್ ಬಂದಿದೆ. ಅದೇ ರುಚಿಯನ್ನು ನಮ್ಮ ಮಕ್ಕಳಿಗೆ ಮನೆಯಲ್ಲೇ ಮಾಡಿಕೊಡೋಣ ಎಂಬ ಆಸೆಯೂ ಬಂದಿದೆ. ಮಾಡಿ ನೋಡಿದವರಿಂದ ಮತ್ತೆ ಮತ್ತೆ ಕೇಳಿಬರುವ ಮಾತು ಒಂದೇ: ತಿನ್ನಲು ಚೆನ್ನಾಗಿದೆ, ಆದರೆ ಆ ರುಚಿ ಇದಲ್ಲ. ಒಮ್ಮೆ ಕೇಕಿನ ಹಾಗೆ ಮೆತ್ತಗಾಗುತ್ತದೆ, ಇನ್ನೊಮ್ಮೆ ಹಲ್ಲಿಗೆ ಜಗ್ಗುತ್ತದೆ, ಮತ್ತೊಮ್ಮೆ ತಟ್ಟೆ ತುಂಬ ಹರಡಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಆಗ ಇನ್ನಷ್ಟು ಬೆಣ್ಣೆ, ಇನ್ನಷ್ಟು ದುಬಾರಿ ಚಾಕೊಲೇಟ್ ಹಾಕಿ ನೋಡುತ್ತೇವೆ. ಬಾಲ್ಯದ ರುಚಿ ಅದರಿಂದ ಇನ್ನೂ ದೂರ ಸರಿಯುತ್ತದೆ. ಬೋರ್ಬನ್ ಒಣ ತಿನಿಸು. ಒಳಗಿನ ನೀರನ್ನು ಎಷ್ಟರಮಟ್ಟಿಗೆ ಹೊರಗೆ ಕಳಿಸಿದೆವು ಎಂಬುದೇ ಅದರ ಗುಟ್ಟು. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಹಿಟ್ಟು, ಬೆಣ್ಣೆ, ಬೆಲ್ಲ, ಸೋಡಾ, ಬೆಂಕಿ ಎಲ್ಲದರ ಕೆಲಸವೂ ಸಲೀಸಾಗಿ ಅರ್ಥವಾಗುತ್ತದೆ.

ಎಲ್ಲಿಂದ ಬಂತು

ಬೋರ್ಬನ್ ಹುಟ್ಟಿದ್ದು ಲಂಡನ್ನಿನ ಬರ್ಮಂಡ್ಸಿಯಲ್ಲಿ. ಅಲ್ಲಿ 1857ರಲ್ಲಿ ಶುರುವಾದ ಪೀಕ್ ಫ್ರೀನ್ ಎಂಬ ಕಂಪನಿ 1910ರಲ್ಲಿ ಇದನ್ನು ‘ಕ್ರಿಯೋಲಾ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಫ್ರಾನ್ಸಿನ ರಾಜವಂಶದ ಹೆಸರು ಅದಕ್ಕೆ ಅಂಟಿದ್ದು ಆಮೇಲೆ. ನಮ್ಮಲ್ಲಿ 1892ರಲ್ಲಿ ಕಲ್ಕತ್ತದಲ್ಲಿ ಆರಂಭವಾದ ಬ್ರಿಟಾನಿಯಾ 1955ರಲ್ಲಿ ತನ್ನ ಬೋರ್ಬನ್ ಹೊರತಂದಿತು. ಆ ಕಂಪನಿಯ ಆಡಳಿತ ಕಚೇರಿ ಇಂದು ಬೆಂಗಳೂರಿನಲ್ಲಿದೆ.

ಈ ಚರಿತ್ರೆಯನ್ನು ಹೇಳಲು ಕಾರಣವಿದೆ. ಇಂದು ಮನೆಯಲ್ಲಿ ಕುಕ್ಕೀ ಮಾಡುವವರು ಹೆಚ್ಚಾಗಿ ಹಿಡಿಯುವ ದಾರಿ ಅಮೆರಿಕದ್ದು. ಮ್ಯಾಸಚೂಸೆಟ್ಸ್‌ನ ಟೋಲ್ ಹೌಸ್ ಎಂಬ ಊಟದ ಮನೆಯಲ್ಲಿ ರೂತ್ ವೇಕ್‌ಫೀಲ್ಡ್ 1930ರ ದಶಕದಲ್ಲಿ ಮಾಡಿದ ಚಾಕೊಲೇಟ್ ಚಿಪ್ ಕುಕ್ಕೀಯ ಸಂತಾನ ಅದು. ಮೊಟ್ಟೆ, ಕಂದು ಸಕ್ಕರೆ, ಹೇರಳ ಬೆಣ್ಣೆ, ನಡುವೆ ಕರಗುವ ಚಾಕೊಲೇಟ್ ಚೂರು. ಇಂದು ಅದನ್ನು ಮಾಡುವ ಬಹುಪಾಲು ಜನ ಅಂಚು ಗರಿಯಾಗಿ, ನಡುಭಾಗ ಮೆತ್ತಗೆ ಉಳಿಯಲಿ ಎಂದೇ ಬಯಸುತ್ತಾರೆ. ಇಂಗ್ಲಿಷರ ಬಿಸ್ಕತ್ತಿನ ಪರಂಪರೆ ಬೇರೆ. ತೆಳ್ಳಗೆ ಲಟ್ಟಿಸಿ, ಅಚ್ಚುಕಟ್ಟಾಗಿ ಕತ್ತರಿಸಿ, ಪೂರ್ತಿ ಒಣಗುವವರೆಗೆ ಬೇಯಿಸಿ, ಡಬ್ಬಿಯಲ್ಲಿ ವಾರಗಟ್ಟಲೆ ಇಡುವ ತಿನಿಸು ಅದು. ಮೊದಲನೆಯ ದಾರಿಯಲ್ಲಿ ಹೊರಟವರು ಎರಡನೆಯ ಊರನ್ನು ತಲುಪಲಾರರು. ಬೋರ್ಬನ್‌ನಲ್ಲಿ ಮೂಲದಿಂದಲೇ ಮೊಟ್ಟೆ ಇಲ್ಲ. ಸಸ್ಯಾಹಾರಿ ಮನೆಗಳಲ್ಲಿ ಮೊಟ್ಟೆಯ ಬದಲು ಏನು ಹಾಕುವುದು ಎಂಬ ಚಿಂತೆಯೇ ಇಲ್ಲಿ ಏಳುವುದಿಲ್ಲ.

ಗರಿಗರಿ ಎಂದರೆ ಏನು

ಬ್ರೆಡ್ಡಿನಲ್ಲಿ ಸುಮಾರು ಶೇ. 35ರಿಂದ 40ರಷ್ಟು ನೀರಿರುತ್ತದೆ. ಚೆನ್ನಾಗಿ ಬೆಂದ ಬಿಸ್ಕತ್ತಿನಲ್ಲಿ ಉಳಿಯುವ ನೀರು ಶೇ. 5ಕ್ಕಿಂತ ಕಡಿಮೆ. ಹಿಟ್ಟು, ಸಕ್ಕರೆ ಎರಡಕ್ಕೂ ಒಂದು ಸಾಮಾನ್ಯ ಗುಣವಿದೆ. ನೀರು ಇದ್ದಾಗ ಬಾಗುತ್ತವೆ, ಜಗ್ಗುತ್ತವೆ. ನೀರು ಹೋದಾಗ ಬಿಗಿಯುತ್ತವೆ. ಬಿಗಿದ ವಸ್ತು ಹಲ್ಲಿಗೆ ಸಿಕ್ಕಾಗ ಬಾಗದೆ ತಟ್ಟನೆ ಮುರಿಯುತ್ತದೆ. ಆ ಮುರಿತದ ಸದ್ದನ್ನೇ ನಾವು ಗರಿಗರಿ ಅನ್ನುವುದು. ಮಳೆಗಾಲದಲ್ಲಿ ಹೊರಗಿಟ್ಟ ಬಿಸ್ಕತ್ತು ಸಂಜೆಯೊಳಗೆ ಮೆತ್ತಗಾಗಲು ಕಾರಣವೂ ಇದೇ: ಅದು ಗಾಳಿಯ ತೇವವನ್ನು ಹೀರಿಕೊಂಡು ಮತ್ತೆ ಬಾಗತೊಡಗುತ್ತದೆ.

ನೆನಪಿಗೂ ಇದಕ್ಕೂ ನೇರ ಸಂಬಂಧ ಇದೆ. ನಾವು ರುಚಿ ಅನ್ನುವುದರಲ್ಲಿ ದೊಡ್ಡ ಪಾಲು ವಾಸನೆಯದು. ಅಗಿಯುವಾಗ ಎದ್ದ ಪರಿಮಳ ಗಂಟಲಿನ ಹಿಂಬದಿಯಿಂದ ಮೂಗಿಗೆ ಏರುತ್ತದೆ. ವಾಸನೆಯ ಸಂಕೇತಗಳು ಮಿದುಳಿನಲ್ಲಿ ಭಾವನೆ ಮತ್ತು ನೆನಪುಗಳನ್ನು ನೋಡಿಕೊಳ್ಳುವ ಭಾಗಗಳಿಗೆ ಬಹಳ ಹತ್ತಿರದ ದಾರಿಯಲ್ಲಿ ಹೋಗುತ್ತವೆ. ಅದಕ್ಕೇ ಕೋಕೋ ಮತ್ತು ವೆನಿಲ್ಲಾ ಸೇರಿದ ಒಂದು ಪರಿಮಳ ಇಡೀ ಬಾಲ್ಯವನ್ನೇ ಎಬ್ಬಿಸಬಲ್ಲದು. ಆದರೆ ಪರಿಮಳ ಸರಿಯಿದ್ದು ಮುರಿತ ಸರಿಯಿಲ್ಲದಿದ್ದರೆ ನೆನಪು ಅರ್ಧಕ್ಕೇ ನಿಲ್ಲುತ್ತದೆ. ಮೆತ್ತಗಿನ ಬೋರ್ಬನ್ ಯಾರ ಬಾಲ್ಯದಲ್ಲೂ ಇರಲಿಲ್ಲ.

ಹಿಟ್ಟು ಮತ್ತು ಬೆಣ್ಣೆ

ಮೈದಾದಲ್ಲಿ ಪ್ರೊಟೀನ್ ಇದೆ. ನೀರು ತಾಗಿ ನಾದಿದಾಗ ಅದು ಗ್ಲುಟೆನ್ ಎಂಬ ಎಳೆಎಳೆಯಾದ ಬಲೆ ನೇಯುತ್ತದೆ. ಚಪಾತಿ, ಪರೋಟಾಗಳಿಗೆ ಆ ಬಲೆ ಬೇಕು. ಬಿಸ್ಕತ್ತಿಗೆ ಅದು ಹೆಚ್ಚಾದಷ್ಟೂ ಕೆಡುಕು: ಬಿಸ್ಕತ್ತು ಗರಿಯಾಗುವ ಬದಲು ಗಟ್ಟಿಯಾಗುತ್ತದೆ, ಬೇಯುವಾಗ ಕುಗ್ಗಿ ಆಕಾರ ಕೆಡುತ್ತದೆ. ಆದ್ದರಿಂದ ನೀರು ಹಿಟ್ಟಿನ ಕಣವನ್ನು ಮುಟ್ಟುವ ಮೊದಲೇ ಕೊಬ್ಬು ಅದನ್ನು ಮುಚ್ಚಬೇಕು. ಚಕ್ಕುಲಿ ಹಿಟ್ಟಿಗೆ ನಮ್ಮ ಅಜ್ಜಿಯರು ಮೊದಲು ಬೆಣ್ಣೆ ಅಥವಾ ಕಾಯಿಸಿದ ಎಣ್ಣೆ ಹಾಕಿ ಬೆರಳಲ್ಲಿ ಉಜ್ಜಿ, ಆಮೇಲೆ ನೀರು ಹಾಕುತ್ತಿದ್ದರಲ್ಲ, ಇಲ್ಲಿ ನಡೆಯುವುದೂ ಅದೇ ಕೆಲಸ. ಕೊಬ್ಬು ಮುಂದೆ, ನೀರು ಹಿಂದೆ. ಅಂಗಡಿಯ ಮೈದಾ ಸ್ವಲ್ಪ ಜಿಗುಟಾಗಿದ್ದರೆ ಹತ್ತರಲ್ಲಿ ಒಂದು ಪಾಲು ಅಕ್ಕಿ ಹಿಟ್ಟು ಬೆರೆಸಬಹುದು. ಅಕ್ಕಿಯಲ್ಲಿ ಗ್ಲುಟೆನ್ ಇಲ್ಲ. ಸ್ಕಾಟ್ಲೆಂಡಿನ ಶಾರ್ಟ್‌ಬ್ರೆಡ್ ಮಾಡುವವರೂ ಇದೇ ಉಪಾಯ ಬಳಸುತ್ತಾರೆ. ಕೋಕೋ ಪುಡಿಯಲ್ಲೂ ಗ್ಲುಟೆನ್ ಇಲ್ಲ. ಅದು ಬೆರೆತಷ್ಟೂ ಬಿಸ್ಕತ್ತು ಉದುರುದುರಾಗುತ್ತದೆ.

ಪೂರ್ತಿ ಗೋಧಿ ಹಿಟ್ಟಿನಲ್ಲಿ ಮಾಡಬಹುದೇ ಎಂದು ಹಲವರು ಕೇಳುತ್ತಾರೆ. ಮಾಡಬಹುದು, ಆದರೆ ಚಕ್ಕಿಯಲ್ಲಿ ಬೀಸಿದ ಹಿಟ್ಟು ಮೈದಾಗಿಂತ ಹೆಚ್ಚು ನೀರು ಕುಡಿಯುತ್ತದೆ. ಹೆಚ್ಚು ನೀರು ಹಾಕಿದರೆ ಹೆಚ್ಚು ಹೊತ್ತು ಒಣಗಿಸಬೇಕು, ಅಷ್ಟರಲ್ಲಿ ಕೋಕೋ ಸೀದುಹೋಗುತ್ತದೆ. ಅರ್ಧ ಮೈದಾ, ಅರ್ಧ ಗೋಧಿ ಹಿಟ್ಟು ಒಳ್ಳೆಯ ರಾಜಿ. ರುಚಿ ಮಾತ್ರ ತುಸು ಬೇರೆಯಾಗುತ್ತದೆ.

ಬೆಣ್ಣೆಯಲ್ಲೂ ನೀರಿದೆ ಎಂಬುದು ಬಹಳ ಜನರ ಗಮನಕ್ಕೆ ಬರುವುದಿಲ್ಲ. ನಿಯಮದ ಪ್ರಕಾರ ಅಂಗಡಿಯ ಟೇಬಲ್ ಬಟರ್‌ನಲ್ಲಿ ಕನಿಷ್ಠ ಶೇ. 80 ಹಾಲಿನ ಕೊಬ್ಬು ಇರಬೇಕು, ನೀರು ಶೇ. 16 ಮೀರಬಾರದು. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ನೀರಿನ ಪ್ರಮಾಣ ಇಷ್ಟೇ ಎಂದು ಹೇಳಲಾಗದು. ಅದನ್ನೇ ಬಳಸುವುದಾದರೆ ತಣ್ಣಗಿರುವಾಗ ಕೈಯಲ್ಲಿ ಒತ್ತಿ ನೀರನ್ನು ಬಸಿದು ತೆಗೆಯಬೇಕು. ತುಪ್ಪದಲ್ಲಿ ನೀರಿನ ಅಂಶ ಇಲ್ಲವೆಂದೇ ಹೇಳಬಹುದು. ನಾನ್‌ಖಟಾಯಿ ಬಾಯಲ್ಲಿಟ್ಟರೆ ಪುಡಿಯಾಗುವುದು ಅದರಿಂದಲೇ. ಬೆಣ್ಣೆಯ ಬದಲು ತುಪ್ಪ ಹಾಕುವವರು 100 ಗ್ರಾಂ ಬೆಣ್ಣೆಗೆ 80 ಗ್ರಾಂ ತುಪ್ಪ ಹಿಡಿಯಬೇಕು, ಹಿಟ್ಟು ಕೂಡಿಕೊಳ್ಳಲು ಒಂದು ಚಮಚ ಹಾಲು ಹೆಚ್ಚು ಬೇಕಾದೀತು.

ಇನ್ನೊಂದು ತೊಡಕು ನಮ್ಮ ಸೆಕೆ. ವಿದೇಶಿ ಪಾಕವಿಧಾನಗಳು ಕೋಣೆಯ ಉಷ್ಣತೆಯ ಬೆಣ್ಣೆ ಎಂದು ಬರೆಯುವಾಗ ಅವರ ಲೆಕ್ಕ 18ರಿಂದ 20 ಡಿಗ್ರಿ ಸೆಲ್ಸಿಯಸ್. ಏಪ್ರಿಲ್‌ನ ಮಂಗಳೂರಿನಲ್ಲೋ ರಾಯಚೂರಿನಲ್ಲೋ ಅಡುಗೆಮನೆಯ ಉಷ್ಣತೆ 30 ದಾಟಿರುತ್ತದೆ. ಹಾಲಿನ ಕೊಬ್ಬು 32ರಿಂದ 35 ಡಿಗ್ರಿಯೊಳಗೆ ಬಹುಪಾಲು ಕರಗಿಬಿಡುತ್ತದೆ. ಅಂಥ ಬೆಣ್ಣೆಯಲ್ಲಿ ಕಲಸಿದ ಹಿಟ್ಟು ಎಣ್ಣೆ ಬಿಡುತ್ತದೆ, ಓವನ್ನಿಗೆ ಹೋದ ಕೂಡಲೇ ಹರಡುತ್ತದೆ. ಮದ್ದು ಕಷ್ಟದ್ದಲ್ಲ. ಬೆಣ್ಣೆಯನ್ನು ಫ್ರಿಜ್ಜಿನಿಂದ ತೆಗೆದು ಬೆರಳು ಒತ್ತಿದರೆ ಗುರುತು ಮೂಡುವಷ್ಟು ಮಾತ್ರ ಮೆತ್ತಗಾಗಲು ಬಿಡುವುದು, ಲಟ್ಟಿಸಿ ಕತ್ತರಿಸಿದ ಮೇಲೆ ತಟ್ಟೆಯನ್ನು ಅರ್ಧ ಗಂಟೆ ಮತ್ತೆ ಫ್ರಿಜ್ಜಿನಲ್ಲಿಡುವುದು.

ಸಕ್ಕರೆ, ಬೆಲ್ಲ, ಸೋಡಾ

ಸಕ್ಕರೆಯ ಕೆಲಸ ಸಿಹಿಗೆ ಮುಗಿಯುವುದಿಲ್ಲ. ಓವನ್ನಿನಲ್ಲಿ ಅದು ಹಿಟ್ಟಿನೊಳಗಿನ ಅಲ್ಪ ನೀರಿನಲ್ಲಿ ಕರಗಿ ಪಾಕವಾಗುತ್ತದೆ. ನೀರು ಆವಿಯಾದಂತೆ ಆ ಪಾಕ ಗಾಜಿನಂತೆ ಬಿಗಿದು ಬಿಸ್ಕತ್ತಿಗೆ ಗರಿ ಕೊಡುತ್ತದೆ. ದಪ್ಪ ಹರಳಿನ ಸಕ್ಕರೆ ತಡವಾಗಿ ಕರಗಿ ಹಿಟ್ಟನ್ನು ಹರಡಿಸುತ್ತದೆ. ಅಂಚು ನೇರವಾಗಿ ನಿಲ್ಲಬೇಕಾದ ಬೋರ್ಬನ್‌ಗೆ ಮಿಕ್ಸಿಯಲ್ಲಿ ಪುಡಿಮಾಡಿದ ಸಕ್ಕರೆಯೇ ವಾಸಿ. ಹರಳು ಸಕ್ಕರೆ ಬೇಕಾಗುವುದು ಮೇಲೆ ಉದುರಿಸಲು ಮಾತ್ರ. ಅಲ್ಲಿ ನೀರಿನ ಅಂಶ ಸಾಲದೆ ಅದು ಕರಗುವುದಿಲ್ಲ, ಹಾಗೇ ಹೊಳೆಯುತ್ತ ಕೂರುತ್ತದೆ.

ಇಂಗ್ಲೆಂಡಿನ ಮನೆ ಬೋರ್ಬನ್‌ಗೆ ಒಂದು ಚಮಚ ಗೋಲ್ಡನ್ ಸಿರಪ್ ಬೀಳುತ್ತದೆ. ಸಕ್ಕರೆ ತಯಾರಿಕೆಯಲ್ಲಿ ಸಿಗುವ ಹೊಂಬಣ್ಣದ ಪಾಕ ಅದು. ನಮಗೆ ಅದನ್ನು ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ. ಮಲೆನಾಡು, ಉತ್ತರ ಕನ್ನಡದ ಮನೆಗಳಲ್ಲಿ ದೋಸೆಗೆ ಹಚ್ಚಿಕೊಳ್ಳುವ ಜೋನಿ ಬೆಲ್ಲ ಆ ಜಾಗಕ್ಕೆ ಚೆನ್ನಾಗಿ ಒಪ್ಪುತ್ತದೆ. ಅದರ ತುಸು ಕರಕಲಾದ ಪರಿಮಳ ಕೋಕೋದ ಕಹಿಗೆ ಹೊಂದಿಕೊಳ್ಳುತ್ತದೆ, ಬಣ್ಣವೂ ಗಾಢವಾಗುತ್ತದೆ. ಆದರೆ ಬೆಲ್ಲಕ್ಕೆ ತೇವ ಹಿಡಿದಿಟ್ಟುಕೊಳ್ಳುವ ಗುಣ ಇದೆ. ಒಂದು ದೊಡ್ಡ ಚಮಚ ಮೀರಿದರೆ ಬಿಸ್ಕತ್ತು ಎರಡೇ ದಿನದಲ್ಲಿ ಮೆತ್ತಗಾಗುತ್ತದೆ. ಸಕ್ಕರೆಯನ್ನೆಲ್ಲ ತೆಗೆದು ಬೆಲ್ಲವನ್ನೇ ಹಾಕಿದರೆ ಬಾಲ್ಯದ ಗರಿ ಸಿಗುವುದಿಲ್ಲ ಎನ್ನುವುದೂ ಇದರಿಂದಲೇ.

ಅಡುಗೆ ಸೋಡಾ ಹುಳಿ ತಾಗಿದರೆ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಬಿಸಿ ತಾಗಿದರೂ ಬಿಡುತ್ತದೆ. ಆ ಗುಳ್ಳೆಗಳಿಂದ ಬಿಸ್ಕತ್ತಿನೊಳಗೆ ಸಣ್ಣ ಸಣ್ಣ ದಾರಿಗಳು ತೆರೆಯುತ್ತವೆ, ನೀರಾವಿ ಆ ದಾರಿಗಳಿಂದ ಸುಲಭವಾಗಿ ಹೊರಗೆ ಹೋಗುತ್ತದೆ. ಸೋಡಾದ ಕ್ಷಾರದಿಂದ ಬಣ್ಣವೂ ದಟ್ಟವಾಗುತ್ತದೆ. ಹೆಚ್ಚಾದರೆ ಮಾತ್ರ ಸಾಬೂನಿನಂಥ ರುಚಿ ನಾಲಿಗೆಯ ಹಿಂದೆ ಉಳಿಯುತ್ತದೆ. ಅಂಗಡಿಯ ಬಿಸ್ಕತ್ತಿನ ಪೊಟ್ಟಣದಲ್ಲಿ 503 ಎಂಬ ಸಂಖ್ಯೆಯನ್ನು ನೀವು ನೋಡಿರಬಹುದು. ಅದು ಅಮೋನಿಯಂ ಬೈಕಾರ್ಬೊನೇಟ್. ಬಿಸಿಗೆ ಪೂರ್ತಿ ಅನಿಲವಾಗಿ ಹೋಗಿ ಏನನ್ನೂ ಉಳಿಸದ ಉಬ್ಬುಕಾರಕ. ತೆಳುವಾದ ಒಣ ಬಿಸ್ಕತ್ತಿಗೆ ಮಾತ್ರ ಅದು ಸರಿ. ಮನೆಯ ಕೆಲಸಕ್ಕೆ ಸೋಡಾ ಸಾಕು.

ಕೋಕೋ: ಪುತ್ತೂರಿನ ದಾರಿ

ಬೋರ್ಬನ್‌ನ ರುಚಿ ಚಾಕೊಲೇಟ್ ಬಾರಿನದಲ್ಲ, ಕೋಕೋ ಪುಡಿಯದು. ಹುರಿದ ಕೋಕೋ ಬೀಜದ ತಿರುಳಿನಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಕೊಬ್ಬು. ಅದೇ ಕೋಕೋ ಬೆಣ್ಣೆ. ಅರೆದ ತಿರುಳನ್ನು ಒತ್ತಿ ಈ ಕೊಬ್ಬಿನ ಬಹುಭಾಗವನ್ನು ಬೇರ್ಪಡಿಸುವ ಯಂತ್ರಕ್ಕೆ ನೆದರ್ಲೆಂಡ್ಸಿನ ವಾನ್ ಹೌಟನ್ ಕುಟುಂಬ 1828ರಲ್ಲಿ ಪೇಟೆಂಟ್ ಪಡೆಯಿತು. ಉಳಿದ ಹಿಂಡಿಯ ಪುಡಿಯೇ ಕೋಕೋ ಪುಡಿ. ಕೊಬ್ಬು ಕಡಿಮೆ, ಪರಿಮಳ ದಟ್ಟ. ಕರಗಿಸಿದ ಚಾಕೊಲೇಟನ್ನು ಹಿಟ್ಟಿಗೆ ಬೆರೆಸಿದರೆ ಅದರ ಜೊತೆ ಕೊಬ್ಬು, ಸಕ್ಕರೆ ಎರಡೂ ಸೇರಿ ಲೆಕ್ಕ ತಪ್ಪುತ್ತದೆ. ಆದ್ದರಿಂದ ಇಲ್ಲಿ ಪುಡಿಯೇ ಸರಿಯಾದ ವಸ್ತು, ಅದು ಅಗ್ಗದ ದಾರಿ ಎಂಬ ಅಳುಕು ಬೇಡ.

ಪುಡಿಯಲ್ಲಿ ಎರಡು ಜಾತಿ. ಸಹಜ ಕೋಕೋ ತಿಳಿಕಂದು, ತುಸು ಹುಳಿ. ಕ್ಷಾರದಲ್ಲಿ ಸಂಸ್ಕರಿಸಿದ ಡಚ್ ಕೋಕೋ ಗಾಢಬಣ್ಣ, ಮೃದು ರುಚಿ. ಪೊಟ್ಟಣದ ಮೇಲೆ ಆಲ್ಕಲೈಸ್ಡ್ ಎಂದೋ, 501ರಂಥ ಆಮ್ಲ ನಿಯಂತ್ರಕದ ಸಂಖ್ಯೆಯೋ ಇದ್ದರೆ ಅದು ಎರಡನೆಯದು. ಸಹಜ ಕೋಕೋದ ಹುಳಿ ಸೋಡಾವನ್ನು ಎಬ್ಬಿಸುತ್ತದೆ. ಡಚ್ ಕೋಕೋ ಬಳಸುವಾಗ ಸೋಡಾವನ್ನು ಅರ್ಧಕ್ಕೆ ಇಳಿಸಬೇಕು, ಇಲ್ಲವಾದರೆ ಸಾಬೂನಿನ ರುಚಿ ಉಳಿದುಬಿಡುತ್ತದೆ. ಒಂದೇ ಪಾಕವಿಧಾನ ಒಬ್ಬರ ಮನೆಯಲ್ಲಿ ಚೆನ್ನಾಗಿ ಬಂದು ಇನ್ನೊಬ್ಬರ ಮನೆಯಲ್ಲಿ ಕೆಡುವುದಕ್ಕೆ ಹಲವು ಸಲ ಇದೇ ಕಾರಣ.

ಕೋಕೋದ ವಿಷಯದಲ್ಲಿ ಕರ್ನಾಟಕಕ್ಕೆ ಹೇಳಿಕೊಳ್ಳಲು ತನ್ನದೇ ಕಥೆಯಿದೆ. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಮರಗಳ ನಡುವಿನ ನೆರಳಿನಲ್ಲಿ ಕೊಕ್ಕೊ ಬೆಳೆಯುತ್ತದೆ. ಅಡಿಕೆ ಬೆಳೆಗಾರರಿಗಾಗಿ 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾದ ಕ್ಯಾಂಪ್ಕೋ ಸಹಕಾರಿ ಸಂಸ್ಥೆಯ ಸ್ಥಾಪಕ ಅಧ್ಯಕ್ಷರು ವಾರಣಾಶಿ ಸುಬ್ರಾಯ ಭಟ್ಟರು. 1980ರ ಸುಮಾರಿಗೆ ಖರೀದಿದಾರರು ಹಿಂದೆ ಸರಿದು ಕೊಕ್ಕೊ ಬೆಲೆ ಕುಸಿದಾಗ ಬೆಳೆಗಾರರ ನೆರವಿಗೆ ನಿಂತದ್ದು ಈ ಸಂಸ್ಥೆ. ಬೀಜ ಕೊಂಡರೆ ಸಾಲದು, ಅದನ್ನು ಸಂಸ್ಕರಿಸಲೂ ಬೇಕು ಎಂಬ ನಿರ್ಧಾರದಿಂದ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ಎದ್ದಿತು. ಅಂದಿನ ರಾಷ್ಟ್ರಪತಿ ಜೈಲ್ ಸಿಂಗ್ ಅದನ್ನು ಉದ್ಘಾಟಿಸಿದರು. ರೈತರೇ ಒಡೆಯರಾಗಿರುವ ಕಾರ್ಖಾನೆಯಿಂದ ಕೋಕೋ ಪುಡಿ ನಮ್ಮ ಅಂಗಡಿಗೆ ಬರುತ್ತಿದೆ ಎಂಬುದು ಸಣ್ಣ ಸಂಗತಿಯಲ್ಲ.

ಕೊಕ್ಕೊ ಬೀಜದ ಕಥೆಯೂ ನೀರಿನದೇ. ಕಾಯಿ ಒಡೆದು ತೆಗೆದ ಹಸಿಬೀಜವನ್ನು ಸುಮಾರು ಆರು ದಿನ ಹುದುಗಲು ಬಿಡಬೇಕು. ನಮಗೆ ಚಾಕೊಲೇಟ್ ಎಂದು ತಿಳಿಯುವ ಪರಿಮಳಕ್ಕೆ ಬೀಜ ಬೀಳುವುದು ಈ ಹುದುಗಿನಲ್ಲಿ, ಅರಳುವುದು ಹುರಿದಾಗ. ಹುದುಗಿದ ಬೀಜದ ತೇವ ಶೇ. 7ರ ಆಸುಪಾಸಿಗೆ ಇಳಿಯುವವರೆಗೆ ಒಣಗಿಸಬೇಕು. ತುಳುನಾಡಿನ ಮಳೆಯಲ್ಲಿ ಅದು ಸುಲಭದ ಕೆಲಸವಲ್ಲ. ಸರಿಯಾಗಿ ಒಣಗದ ಬೀಜಕ್ಕೆ ಬೂಸಲು ಹಿಡಿಯುತ್ತದೆ.

ಮಾಡುವ ಬಗೆ

ಒಣ ವಸ್ತುಗಳು: 180 ಗ್ರಾಂ ಮೈದಾ, 20 ಗ್ರಾಂ ಅಕ್ಕಿ ಹಿಟ್ಟು, 30 ಗ್ರಾಂ ಸಹಜ ಕೋಕೋ ಪುಡಿ, ಅರ್ಧ ಟೀ ಚಮಚ ಅಡುಗೆ ಸೋಡಾ. ಬೆಣ್ಣೆ ಉಪ್ಪಿಲ್ಲದ್ದಾದರೆ ಒಂದು ಚಿಟಿಕೆ ಉಪ್ಪು. ಕೋಕೋದ ಕಹಿಯನ್ನು ಅದು ತಗ್ಗಿಸುತ್ತದೆ. ಇವನ್ನು ಒಟ್ಟಿಗೆ ಎರಡು ಸಲ ಜರಡಿ ಹಿಡಿಯಬೇಕು. ಬಟ್ಟಲಿನ ಅಳತೆಗಿಂತ ಪುಟ್ಟ ತೂಕದ ಯಂತ್ರವನ್ನು ನಂಬುವುದು ಲೇಸು. ಒತ್ತಿ ತುಂಬಿದ ಬಟ್ಟಲಿಗೂ ಸಡಿಲವಾಗಿ ತುಂಬಿದ ಬಟ್ಟಲಿಗೂ ಹಿಟ್ಟಿನ ತೂಕದಲ್ಲಿ ಬಹಳ ಅಂತರ ಬೀಳುತ್ತದೆ.

ಇನ್ನೊಂದು ಪಾತ್ರೆಯಲ್ಲಿ 100 ಗ್ರಾಂ ಬೆಣ್ಣೆ, 90 ಗ್ರಾಂ ಸಕ್ಕರೆ ಪುಡಿ, ಒಂದು ದೊಡ್ಡ ಚಮಚ ಜೋನಿ ಬೆಲ್ಲ, ಕೆಲವು ಹನಿ ವೆನಿಲ್ಲಾ ಹಾಕಿ ಬೆಣ್ಣೆಯ ಬಣ್ಣ ತಿಳಿಯಾಗುವವರೆಗೆ ಕಲಸಿ. ಒಣ ಮಿಶ್ರಣವನ್ನು ಸೇರಿಸಿ ಬೆರಳ ತುದಿಯಲ್ಲಿ ಉಜ್ಜಿ. ಮರಳು ಮರಳಾದ ಹಿಟ್ಟು ಮುಷ್ಟಿಯಲ್ಲಿ ಒತ್ತಿದರೆ ಮುದ್ದೆಯಾಗಿ ನಿಲ್ಲಬೇಕು. ನಿಲ್ಲದಿದ್ದರೆ ತಣ್ಣಗಿನ ಹಾಲನ್ನು ಒಂದೊಂದೇ ಟೀ ಚಮಚ ಹಾಕಿ. ಇಲ್ಲಿ ಕೈ ಜಾರಿಸಬೇಡಿ: ಈಗ ಸುರಿಯುವ ಪ್ರತಿ ಹನಿಯನ್ನೂ ಓವನ್ ಆಮೇಲೆ ಹೊರಗೆ ಹಾಕಬೇಕು. ಕೂಡಿಕೊಂಡ ಮೇಲೆ ಚಪಾತಿ ಹಿಟ್ಟಿನ ಹಾಗೆ ನಾದಲೂಬಾರದು.

ಮುದ್ದೆಯನ್ನು ಎರಡು ಬಟರ್ ಪೇಪರಿನ ನಡುವೆ ಇಟ್ಟು ಲಟ್ಟಣಿಗೆಯಿಂದ 4 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ. ಒಣ ಹಿಟ್ಟು ಉದುರಿಸಿ ಲಟ್ಟಿಸಿದರೆ ಬಿಸ್ಕತ್ತಿನ ಮೇಲೆ ಬಿಳಿ ಕಲೆ ಕೂರುತ್ತದೆ. 6 ಸೆಂಟಿಮೀಟರ್ ಉದ್ದ, ಎರಡೂವರೆ ಸೆಂಟಿಮೀಟರ್ ಅಗಲದ ಪಟ್ಟಿಗಳಾಗಿ ಕತ್ತರಿಸಿದರೆ ಸುಮಾರು 50ರಿಂದ 60 ತುಂಡು ಬರುತ್ತವೆ. ಫೋರ್ಕಿನಿಂದ ಎರಡು ಸಾಲು ತೂತು ಮಾಡಿ. ತೂತು ಅಲಂಕಾರಕ್ಕೆ ಎಂದು ಬಿಟ್ಟುಬಿಡಬೇಡಿ. ಆವಿ ಹೊರಬರಲು ದಾರಿಯಿಲ್ಲದಿದ್ದರೆ ಬಿಸ್ಕತ್ತು ನಡುವೆ ಉಬ್ಬಿ ಡೊಂಕಾಗುತ್ತದೆ, ಆಮೇಲೆ ಜೋಡಿ ಕೂಡುವುದಿಲ್ಲ. ಅರ್ಧದಷ್ಟು ತುಂಡುಗಳ ಮೇಲೆ ಹರಳು ಸಕ್ಕರೆ ಉದುರಿಸಿ ಮೆಲ್ಲಗೆ ಒತ್ತಿ, ತಟ್ಟೆಯನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ.

ಓವನ್ 160 ಡಿಗ್ರಿಗೆ ಮೊದಲೇ ಚೆನ್ನಾಗಿ ಕಾದಿರಬೇಕು. ನಡುವಿನ ಹಂತದಲ್ಲಿ ತಟ್ಟೆಯಿಟ್ಟು 14ರಿಂದ 16 ನಿಮಿಷ ಬೇಯಿಸಿ. ಪುಟ್ಟ ಓವನ್‌ಗಳಲ್ಲಿ ಶಾಖ ಒಂದು ಕಡೆ ಹೆಚ್ಚಿರುತ್ತದೆ. ಅರ್ಧ ಹೊತ್ತು ಕಳೆದ ಮೇಲೆ ತಟ್ಟೆಯನ್ನು ತಿರುಗಿಸಿಡಬೇಕು. ಕಂದು ಬಿಸ್ಕತ್ತು ಬೆಂದಿದೆಯೇ ಎಂದು ಬಣ್ಣ ನೋಡಿ ಹೇಳಲಾಗದು. ಅಂಚು ಮುಟ್ಟಿದರೆ ಬಿಗಿ, ನಡುಭಾಗ ಒತ್ತಿದರೆ ತುಸು ಮೆತ್ತಗೆ, ಮನೆಯೆಲ್ಲ ಕೋಕೋದ ಘಮ: ಇವು ಮೂರು ಗುರುತು. ಘಮ ಕಹಿಯತ್ತ ತಿರುಗಿದರೆ ಹೊತ್ತು ಮೀರಿದೆ ಎಂದರ್ಥ. ಇದಾದ ಮೇಲೆ ಎಲ್ಲಕ್ಕಿಂತ ಮುಖ್ಯವಾದ ಹಂತ. ಓವನ್ ಆರಿಸಿ, ಬಾಗಿಲನ್ನು ಎರಡು ಬೆರಳಿನಷ್ಟು ತೆರೆದು, ಬಿಸ್ಕತ್ತನ್ನು ಒಳಗೇ ಹತ್ತು ನಿಮಿಷ ಬಿಡಿ. ಇಳಿಯುವ ಶಾಖದಲ್ಲಿ ಕೋಕೋ ಸೀಯದೆ ಉಳಿದ ತೇವ ಮಾತ್ರ ಹೋಗುತ್ತದೆ. ಮನೆಯ ಬಿಸ್ಕತ್ತು ಬಾಲ್ಯದ ಬಿಸ್ಕತ್ತಿಗೆ ಹತ್ತಿರವಾಗುವುದು ಈ ಹತ್ತು ನಿಮಿಷಗಳಲ್ಲಿ. ತಟ್ಟೆಯಿಂದ ಎತ್ತಿ ಜಾಲರಿಯ ಮೇಲೆ ಆರಲು ಬಿಡಿ. ಬಿಸಿಯಿರುವಾಗ ಮುರಿದು ನೋಡಿ ಮೆತ್ತಗಿದೆ ಎಂದು ಕಂಗೆಡಬೇಡಿ, ಗರಿ ಬರುವುದು ಆರಿದ ಮೇಲೆ.

ಓವನ್ ಇಲ್ಲದವರು ದಪ್ಪ ತಳದ ಹಳೆಯ ಬಾಣಲೆಯಲ್ಲಿ ಮರಳು ಅಥವಾ ಕಲ್ಲುಪ್ಪು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು, ಹತ್ತು ಹದಿನೈದು ನಿಮಿಷ ಕಾಯಿಸಿ, ತಟ್ಟೆಯಿಟ್ಟು ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಬಹುದು. ಮುಚ್ಚಳ ಬಿಗಿಯಾದರೆ ಆವಿ ಒಳಗೇ ಉಳಿದು ಬಿಸ್ಕತ್ತಿನ ಮೇಲೆ ಹನಿಯುತ್ತದೆ; ಸ್ವಲ್ಪ ಸಂದು ಬಿಡಬೇಕು. ಪ್ರೆಶರ್ ಕುಕ್ಕರನ್ನು ನೀರಿಲ್ಲದೆ ಬಹಳ ಹೊತ್ತು ಕಾಯಿಸಿದರೆ ಅದು ಹಾಳಾಗುತ್ತದೆ, ಆ ದಾರಿ ಬೇಡ.

ಕ್ರೀಮಿಗೆ 50 ಗ್ರಾಂ ಬೆಣ್ಣೆ, 100 ಗ್ರಾಂ ನುಣ್ಣನೆಯ ಸಕ್ಕರೆ ಪುಡಿ, ಒಂದೂವರೆ ದೊಡ್ಡ ಚಮಚ ಕೋಕೋ. ಒಂದು ಟೀ ಚಮಚ ಬಿಸಿನೀರಿನಲ್ಲಿ ಚಿಟಿಕೆ ಇನ್‌ಸ್ಟಂಟ್ ಕಾಫಿ ಪುಡಿ ಕರಗಿಸಿ ಬೆರೆಸಿದರೆ ಕಾಫಿಯ ರುಚಿ ಎದ್ದು ಕಾಣದೆ ಕೋಕೋದ ರುಚಿ ಆಳವಾಗುತ್ತದೆ. ಫಿಲ್ಟರ್ ಕಾಫಿಯ ಪುಡಿ ಕರಗುವುದಿಲ್ಲ, ಅದನ್ನು ಹಾಕಬೇಡಿ. ಕಾರ್ಖಾನೆಯ ಕ್ರೀಮು ಬೇಸಿಗೆಯಲ್ಲೂ ಗಟ್ಟಿಯಾಗಿ ನಿಲ್ಲುವುದು ತಡವಾಗಿ ಕರಗುವ ಸಸ್ಯಕೊಬ್ಬಿನ ಬಲದಿಂದ. ನಮ್ಮದು ಬೆಣ್ಣೆ, ಸೆಕೆಗೆ ಮೆತ್ತಗಾಗಿಯೇ ಆಗುತ್ತದೆ. ಅಲ್ಲದೆ ಕ್ರೀಮಿನ ತೇವ ನಿಧಾನವಾಗಿ ಬಿಸ್ಕತ್ತಿಗೆ ಇಳಿಯುತ್ತದೆ. ಹೀಗಾಗಿ ಬಿಸ್ಕತ್ತನ್ನು ಬಿಗಿಯಾದ ಡಬ್ಬಿಯಲ್ಲಿ, ಕ್ರೀಮನ್ನು ಫ್ರಿಜ್ಜಿನಲ್ಲಿ ಬೇರೆ ಬೇರೆ ಇಟ್ಟು, ತಿನ್ನುವ ದಿನ ಜೋಡಿಸುವುದು ಜಾಣತನ. ಕರಾವಳಿಯ ಮಳೆಗಾಲದಲ್ಲಿ ಡಬ್ಬಿಯೊಳಗಿನ ಬಿಸ್ಕತ್ತೂ ಮೆತ್ತಗಾದರೆ ಎಸೆಯಬೇಡಿ. ಕ್ರೀಮು ಹಚ್ಚದ ಬಿಸ್ಕತ್ತನ್ನು 130 ಡಿಗ್ರಿಯಲ್ಲಿ ಆರೇಳು ನಿಮಿಷ ಮತ್ತೆ ಬಿಸಿಮಾಡಿದರೆ ಗರಿ ಮರಳುತ್ತದೆ.

ಮನೆಯಲ್ಲಿ ಮಾಡಿದರೆ ಆಗುವ ಲಾಭ

ಮನೆಯಲ್ಲಿ ಮಾಡಿದ್ದೆಲ್ಲ ಆರೋಗ್ಯಕರ ಎಂದು ಹೇಳಿದರೆ ಅದು ಪ್ರಾಮಾಣಿಕ ಮಾತಾಗದು. ಮೇಲಿನ ಲೆಕ್ಕದಲ್ಲಿ ಕ್ರೀಮು ತುಂಬಿದ ಒಂದು ಬಿಸ್ಕತ್ತಿಗೆ ಸುಮಾರು 8 ಗ್ರಾಂ ಸಕ್ಕರೆ ಬೀಳುತ್ತದೆ. ದಿನದ ಶಕ್ತಿಯಲ್ಲಿ ಇಂಥ ಸಕ್ಕರೆಯ ಪಾಲು ಶೇ. 10 ಮೀರಬಾರದು, ಶೇ. 5ರೊಳಗಿದ್ದರೆ ಇನ್ನೂ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಶೇ. 5 ಎಂದರೆ ವಯಸ್ಕರಿಗೆ ಸುಮಾರು 25 ಗ್ರಾಂ. ಮೂರು ಬಿಸ್ಕತ್ತಿಗೆ ಅದು ಮುಗಿಯಿತು. ಬೋರ್ಬನ್ ಅಂದೂ ಅಪರೂಪದ ತಿನಿಸಾಗಿತ್ತು, ಇಂದೂ ಹಾಗೇ ಇರಲಿ.

ಲಾಭ ಇರುವುದು ಬೇರೆ ಕಡೆ. ಕೊಬ್ಬು ಯಾವುದು ಎಂಬುದನ್ನು ನಾವೇ ಆರಿಸುತ್ತೇವೆ. ಒಂದು ಕಾಲದಲ್ಲಿ ವನಸ್ಪತಿ ನಮ್ಮ ಬೇಕರಿಗಳ ಬೆನ್ನೆಲುಬಾಗಿತ್ತು. ಅದರಲ್ಲಿದ್ದ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೆಡುಕು ಎಂದು ಖಚಿತವಾದ ಮೇಲೆ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಅದರ ಮಿತಿಯನ್ನು 2022ರ ಜನವರಿಯಿಂದ ಶೇ. 2ಕ್ಕೆ ಇಳಿಸಿದೆ. ಕೋಕೋ ಎಷ್ಟು ಹಾಕಬೇಕು ಎಂಬುದೂ ನಮ್ಮ ಕೈಯಲ್ಲೇ ಇದೆ. 2024ರಲ್ಲಿ ಪಶ್ಚಿಮ ಆಫ್ರಿಕಾದ ಬೆಳೆ ಕೈಕೊಟ್ಟು ಜಾಗತಿಕ ಮಾರುಕಟ್ಟೆಯಲ್ಲಿ ಕೋಕೋ ಬೆಲೆ ಟನ್ನಿಗೆ 10,000 ಡಾಲರ್ ದಾಟಿತು. ಕೋಕೋ ದುಬಾರಿಯಾದಾಗ ತಯಾರಕರಿಗೆ ಅದನ್ನು ಕಡಿಮೆ ಮಾಡಿ ಬಣ್ಣ, ಪರಿಮಳಗಳಿಂದ ತುಂಬಿಕೊಳ್ಳುವ ಒತ್ತಡ ಬರುವುದು ಸಹಜ. ಮನೆಯಲ್ಲಿ ಒಂದು ಸಲ 30 ಗ್ರಾಂ ಕೋಕೋ ಹಾಕಿ ಮಾಡಿ ತಿಂದವರು ಅಂಗಡಿಯ ಪೊಟ್ಟಣದ ಹಿಂಬದಿಯನ್ನು ಬೇರೆ ಕಣ್ಣಿನಿಂದ ಓದುತ್ತಾರೆ. ಕೋಕೋ ಶೇಕಡ ಎಷ್ಟು, ಕೊಬ್ಬು ಯಾವುದು, ಸಕ್ಕರೆ ಪಟ್ಟಿಯಲ್ಲಿ ಎಷ್ಟನೆಯದು ಎಂದು ಕೇಳುವ ಗ್ರಾಹಕರು ಹೆಚ್ಚಿದಷ್ಟೂ ಅಂಗಡಿಯ ಬಿಸ್ಕತ್ತೂ ಸುಧಾರಿಸುತ್ತದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಮಕ್ಕಳನ್ನು ಈ ಕೆಲಸಕ್ಕೆ ಕೂರಿಸಿಕೊಳ್ಳಿ. ತೂಕ ಹಾಕುವುದು, ತೂತು ಮಾಡುವುದು, ಸಕ್ಕರೆ ಉದುರಿಸುವುದು ಅವರಿಂದ ಆಗುವ ಕೆಲಸಗಳು. ಮೊದಲ ಸಲ ಬಂದ ಬಿಸ್ಕತ್ತು ಮನಸ್ಸಿಗೆ ಒಪ್ಪದಿದ್ದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಬೇಡಿ. ಮೆತ್ತಗಾಗಿದ್ದರೆ ಒಣಗಿಸುವ ಹೊತ್ತು ಹೆಚ್ಚಿಸಿ. ಹರಡಿದ್ದರೆ ಫ್ರಿಜ್ಜಿನಲ್ಲಿಡುವ ಹೊತ್ತು ಹೆಚ್ಚಿಸಿ. ಗಟ್ಟಿಯಾಗಿದ್ದರೆ ಹಾಲು ತಗ್ಗಿಸಿ, ನಾದುವುದನ್ನು ನಿಲ್ಲಿಸಿ. ಸಾಬೂನಿನ ರುಚಿ ಬಂದರೆ ಸೋಡಾ ಇಳಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದನ್ನು ಮಕ್ಕಳ ಕೈಯಲ್ಲೇ ಬರೆಸಿಡಿ. ಹೀಗೆ ಕಲಿತ ಮಗುವಿಗೆ ಪಾಕವಿಧಾನದ ಜೊತೆಗೆ ಅದರ ಕಾರಣವೂ ದಕ್ಕುತ್ತದೆ. ಕಾರಣ ಗೊತ್ತಿದ್ದವರಿಗೆ ನಾನ್‌ಖಟಾಯಿಯೂ ಕಷ್ಟವಲ್ಲ, ಖಾರಾ ಬಿಸ್ಕತ್ತೂ ಕಷ್ಟವಲ್ಲ.